ಬೀಜ ಬೀಳದ ಸಾಲು

ಹಳ್ಳದ ದಾರಿಯಿಂದ ಹೋಗೋಣವೆಂದು ನೀಲಪ್ಪ ಹೇಳಿ ನೋಡಿದ. ಹುಚ್ಚೀರಪ್ಪ ಕಾಕಾ ಕಿವಿಗೆ ಹಾಕಿಕೊಳ್ಳಲಿಲ್ಲ. "ಬೀಗರ ಮನಿಗೆ ರಾಡಿಗಾಲಲೆ ಹೋಗೂದೇನೋ? ನೆಟ್ಟಗ ದಾರಿ ಐತಿ, ನೆಟ್ಟಗ ನಡಿ," ಎಂದು ಧೋತರದ ಚುಂಗು ಎತ್ತಿ ಹಿಡಿದು ಮುಂದಾದ. ಕುರ್ತಕೋಟಿಯಿಂದ ಹುಲಕೋಟಿಯ ಬಸ್ಸಿಗೆ ಹೋಗುವ ಆ ದಾರಿ ನೀಲಪ್ಪನ ಹೊಲದ ಮಗ್ಗುಲಿಗೇ ಹಾಯುತ್ತಿತ್ತು. ಕೆಲವು ದಿನಗಳಿಂದ ಅವನು ಆ ದಾರಿ ತುಳಿಯುವುದನ್ನೇ ಬಿಟ್ಟಿದ್ದ. ಬಿತ್ತಿದ ಬಿಳಿಜೋಳ ಮೊಣಕಾಲಿಗೆ ಬಂದಿತ್ತು. ಈಚೆಯ ಬದುವಿನಿಂದ ನಡುಹೊಲದವರೆಗೆ ಯಾರ ಕಣ್ಣು ತಾಗೀತೋ ಎನ್ನುವಂಥ ಬೆಳೆ. ಅಲ್ಲಿಂದಾಚೆಗೆ ಮೂರು ಸಾಲು ಹಸಿರು, ಒಂದು ಸಾಲು ಬರೀ ಕರಿಮಣ್ಣು. ಮತ್ತೆ ಮೂರು ಸಾಲು ಹಸಿರು, ಮತ್ತೆ ಒಂದು ಸಾಲು ಕರಿಮಣ್ಣು. ಆಚೆಯ ಬದುವಿನವರೆಗೂ ಹಾಗೆಯೇ, ಎಲ್ಲೂ ತಪ್ಪದೆ, ಯಾರೋ ಕೂತು ಯೋಚಿಸಿ ಮಾಡಿದಂತೆ. ಕೂರಿಗೆಯ ನಾಲ್ಕು ಬಿದಿರು ಕೊಳವೆಗಳಲ್ಲಿ ಒಂದು ಕಟ್ಟಿಕೊಂಡು ಬೀಜ ಇಳಿದಿರಲಿಲ್ಲವೆಂದು ತಿಳಿಯಲು ದೊಡ್ಡ ಒಕ್ಕಲಿಗನೇ ಆಗಬೇಕಿರಲಿಲ್ಲ. ಕೊಳವೆ ಎಲ್ಲರಿಗೂ ಕಟ್ಟಿಕೊಳ್ಳುತ್ತದೆ. ಎತ್ತು ನಿಲ್ಲಿಸಿ ಒಂದು ಕಡ್ಡಿ ಹಾಕಿ ಚುಚ್ಚಿದರೆ ಆಯಿತು. ಕೂರಿಗೆಯ ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಡುವವಳ ಕಣ್ಣಿಗೆ ಅದು ಮೊದಲು ಕಾಣುತ್ತದೆ. ಅವಳು ನಿಲ್ಲಿಸ್ರಿ ಅನ್ನಬೇಕು, ಅಷ್ಟೆ. ಅರ್ಧ ದಿನ ಆ ಒಂದು ಮಾತು ಹುಟ್ಟಲಿಲ್ಲವೆಂಬುದನ್ನು ಹೊಲ ಈಗ ಹೋಗುವ ಬರುವವರಿಗೆಲ್ಲ ಹೇಳುತ್ತಿತ್ತು.

ಬದುವಿನ ಮೇಲೆ ಪಕ್ಕದ ಹೊಲದ ಕಳಕಪ್ಪ ಕೂತಿದ್ದ. ಬೇಕಂತಲೇ ಕೂತಿದ್ದಾನೆ ಅನ್ನಿಸಿತು ನೀಲಪ್ಪನಿಗೆ. "ಏನ್ ಹುಚ್ಚೀರಪ್ಪಣ್ಣಾ, ಮುಂಜಮುಂಜಾನೆ ರುಮಾಲು ಜೋರ ಐತಿ?"

"ಲಕ್ಷ್ಮೇಶ್ವರಕ್ಕ ಹೊಂಟೀವಪಾ. ಸೊಸೀನ ಕರಕೊಂಡು ಬರಾಕ."

"ಕರಕೊಂಡ ಬರ್ರಿ, ಕರಕೊಂಡ ಬರ್ರಿ. ನೀಲ್ಯಾ ಹೊಲಕ್ಕ ಚಂದಂಗ ಬೈತಲಿ ತಗದಾನ. ಇನ್ನ ಹೂ ಮುಡಸೂದಷ್ಟ ಉಳದೈತಿ."

ಕಾಕಾ ನಕ್ಕುಬಿಟ್ಟ. ನಗಬಾರದಿತ್ತೆಂದು ಆಮೇಲೆ ಹೊಳೆದು ಕೆಮ್ಮಿದ. ನೀಲಪ್ಪನೂ ನಕ್ಕಿದ್ದ. ಕಳಕಪ್ಪ ಹಿಂದಾದ ಮೇಲೂ ಆ ನಗು ಅವನ ಮುಖದಿಂದ ಇಳಿಯಲಿಲ್ಲ. ಒಣಗಿದ ಕೆಸರಿನಂತೆ ತುಟಿಯ ಎರಡೂ ಕಡೆ ಅಂಟಿಕೊಂಡಿತ್ತು. ಯಾಕೆ ನಕ್ಕೆ? ಆ ದಿನವೂ ಹೀಗೇ ಅಲ್ಲವೆ. ಬಿತ್ತುವ ಮುಂಜಾನೆ ಮಣ್ಣು ಹಿಡಿದು ನೋಡಿ ಹೆಂಡತಿ ಅಮೃತವ್ವ, "ಹಸಿ ಬಾಳ ಐತ್ರಿ, ಒಂದೊಪ್ಪತ್ತು ತಡೀರಿ," ಎಂದಿದ್ದಳು; ಇದೇ ಕಳಕಪ್ಪ ಇದೇ ಬದುವಿನ ಮೇಲಿಂದ, "ಬಿತ್ತಿಗಿಗೆ ಹದ ಹೇಳೋರು ಲಕ್ಷ್ಮೇಶ್ವರದಿಂದ ಬರಬೇಕಾತೇನಪಾ," ಎಂದು ನಕ್ಕಿದ್ದ; ನೀಲಪ್ಪ ಅವನ ಜೊತೆಗೆ ನಕ್ಕು ಕೂರಿಗೆ ಹೂಡಿದ್ದ. ಅವಳು ಹೇಳಿದ ಹಾಗೇ ಆಯಿತು. ಜಿಗುಟು ಮಣ್ಣು ಕೂರಿಗೆಯ ತಾಳುಗಳ ತುದಿಗೆ ಮೆತ್ತಿ ಕೊಳವೆ ಕಟ್ಟಿತು. "ನಿಲ್ಲಸ್ರಿ," ಎಂದಳು. ಚುಚ್ಚಿ ಬಿಡಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ "ನಿಲ್ಲಸ್ರಿ." ಬದುವಿನ ಕಡೆ ಬಂದಾಗ ಇನ್ನೊಮ್ಮೆ. "ಎತ್ತು ಯಾರ ಮಾತು ಕೇಳ್ತಾವೋ ನೀಲ್ಯಾ, ನಿನ್ನವೋ ಆಕೀವೋ?" ಎಂದು ಕಳಕಪ್ಪ ಕೂಗಿದ. ಆಗ ನೀಲಪ್ಪ ತಿರುಗಿ ನಿಂತು ಅಂದ: "ಬೀಜ ಬಿಡು ಅಂದ್ರ ಬೀಜ ಬಿಡು. ಕೂರಿಗಿ ಹಿಂದ ನಡಿಯಾಕ ಬಾಯಿ ಬೇಕಾಗಿಲ್ಲ. ಇನ್ನೊಮ್ಮೆ ಬಾಯಿ ತಗದ್ರ ಉಡಿಯಾಗಿನ ಬೀಜ ಕಸಗೊಂಡು ಮನಿಗೆ ಅಟ್ಟತೀನಿ." ಬೀಜ ತುಂಬಿದ ಉಡಿಯವಳನ್ನು ಬರಿ ಉಡಿಯಲ್ಲಿ ಹೊಲದಿಂದ ಕಳಿಸುವ ಮಾತು. ವೈರಿಗಳ ಮನೆಯ ಹೆಂಗಸಿಗೂ ಯಾರೂ ಹಾಗೆ ಅನ್ನುವುದಿಲ್ಲ. ಬಾಯಿಂದ ಬಿದ್ದ ಗಳಿಗೆಗೇ ಅವನಿಗೆ ಅದು ಗೊತ್ತಾಗಿತ್ತು. ಆದರೆ ಎತ್ತುಗಳು ಆಗಲೇ ಹೆಜ್ಜೆ ಕಿತ್ತಿದ್ದವು, ಅವನು ಮುಂದೆ ನೋಡುತ್ತ ನಡೆದಿದ್ದ.

ಗದಗಿನ ಬಸ್ ನಿಲ್ದಾಣದ ಎದುರು ರಾಜ್ಯ ಒಂದಾದ ದಿನ ಕಟ್ಟಿದ ಕಮಾನು ಇನ್ನೂ ನಿಂತಿತ್ತು. ಮಾವಿನೆಲೆಗಳು ಒಣಗಿ ಸುರುಳಿ ಸುತ್ತಿಕೊಂಡಿದ್ದವು. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಾಕಾನಿಗೆ ಹರಟೆಗೆ ಜನ ಸಿಕ್ಕರು. "ಮುಂಬೈದವ್ರು, ನಿಜಾಮನ ಕಡ್ಯಾವ್ರು, ಕನ್ನಡ ಮಂದಿ ಎಲ್ಲಾ ಒಂದಾದ್ರಂತ. ನಮ್ಮ ಮನ್ಯಾಗಿನ ಇಬ್ಬರ್ನ ಒಂದ ಮಾಡಾಕ ನಾ ಮುದುಕ ಈ ಧೂಳ ಕುಡೀಬೇಕಾಗೇತಿ ನೋಡ್ರಿ." ಜನ ನಕ್ಕರು, ನಕ್ಕವರಿಗೆ ಕಥೆ ಪೂರ್ತಿ ಬೇಕಾಯಿತು, ಕಾಕಾ ಹೇಳಿದ. ನೀಲಪ್ಪ ಪಕ್ಕದಲ್ಲೇ ಕೂತು ತನ್ನ ಸಂಸಾರ ಸೀಟಿನಿಂದ ಸೀಟಿಗೆ ದಾಟಿ ಹೋಗುವುದನ್ನು ಕೇಳಿದ. ಮುಂದಿನ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ನಗಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಕೇಳಿದಳು: "ಅಷ್ಟು ಸಾಲಿಗೆ ಬೀಜ ಬೀಳಲಿಲ್ಲಂದ್ರ ಸಂಜೀಕ ಬೀಜ ಉಳದಿರಬೇಕಲ್ರಿ? ಮನ್ಯಾಗ ಯಾರೂ ನೋಡ್ಲಿಲ್ಲೇನು?"

"ಹೆಂಗಸರ ಉಡಿಯಾಗ ಎಷ್ಟ ಉಳದೈತಂತ ಯಾರ ನೋಡ್ತಾರವ್ವಾ," ಎಂದ ಕಾಕಾ.

ನೀಲಪ್ಪ ಕಿಟಕಿಯ ಆಚೆ ನೋಡಿದ. ಅವನು ನೋಡಿರಲಿಲ್ಲ, ಕೇಳಿದ್ದ. ಸಂಜೆ ನೊಗದಿಂದ ಎತ್ತು ಬಿಡಿಸುತ್ತ ಬಾಗಿದ್ದಾಗ ಹಿಂದೆ ಗಾಡಿಯ ಹತ್ತಿರ ಅಮೃತವ್ವ ಉಡಿ ಬಿಚ್ಚಿ ಬುಟ್ಟಿಗೆ ಬೀಜ ಸುರುವಿದ ಸಪ್ಪಳ. ಪ್ರತಿ ವರ್ಷ ಅದು ಬೊಗಸೆ ಬೀಜದ ಸಪ್ಪಳ, ಕೇಳುವಷ್ಟರಲ್ಲಿ ಮುಗಿದುಹೋಗುತ್ತದೆ. ಆ ದಿನ ಮುಗಿಯಲಿಲ್ಲ. ಸುರಿಯುತ್ತಲೇ ಇತ್ತು. ಈ ಹೊಲಕ್ಕೆ ಎಷ್ಟು ಬೀಜ ಹಿಡಿಯುತ್ತದೆಂದು ಅಪ್ಪನ ಕಾಲದಿಂದ ಅವನ ಕೈಗೆ ಗೊತ್ತು, ಕಿವಿಗೂ ಗೊತ್ತು. ಹಗ್ಗದ ಗಂಟು ಬಿಚ್ಚಿಹೋಗಿತ್ತು. ಆದರೂ ಅವನ ಬೆರಳು ಇಲ್ಲದ ಗಂಟನ್ನು ಬಿಚ್ಚುತ್ತಲೇ ಇದ್ದವು. ಸಪ್ಪಳ ನಿಂತ ಮೇಲೆ ಹಿಂದೆ ಏನೂ ಅಲುಗಲಿಲ್ಲ. ಅವಳು ಅಲ್ಲೇ ನಿಂತಿದ್ದಳು. ಅವನು ತಿರುಗಲಿಲ್ಲ. ಬಿಗಿಗೈಯಿಂದ ಬಿಟ್ಟಿರಬೇಕು, ಅದಕ್ಕೇ ಉಳಿದಿದೆ, ಎಂದುಕೊಂಡ. ಆ ಸುಳ್ಳನ್ನು ಆಗಲೂ ಅವನು ಪೂರ್ತಿ ನಂಬಿರಲಿಲ್ಲ. ಮರುದಿನ ಹೊಲದಲ್ಲಿ ಹಸಿ ಇತ್ತು. ಕೇಳಿದ್ದರೆ, ಒಂದೇ ಮಾತು ಕೇಳಿದ್ದರೆ, ಆ ಸಾಲುಗಳಿಗೆ ಮತ್ತೊಮ್ಮೆ ಬೀಜ ಬಿಡಬಹುದಿತ್ತು.

ಶಿರಹಟ್ಟಿಯಲ್ಲಿ ಬಸ್ಸು ನಿಂತಿತು. ಕಾಕಾ ಚಹಾಕ್ಕೆ ಇಳಿದ. ಮದುವೆಯಾದ ಹೊಸದರಲ್ಲಿ ಈ ಊರು ಒಬ್ಬ ರಾಜನದು, ಲಕ್ಷ್ಮೇಶ್ವರ ಇನ್ನೊಬ್ಬ ರಾಜನದು, ಅವನ ಊರು ಸರಕಾರದ್ದು. ಹೆಣ್ಣನ್ನು ಕರೆದುಕೊಂಡು ಬರುವ ಗಾಡಿಯನ್ನು ಗಡಿಯ ನಾಕಾದಲ್ಲಿ ತಡೆದಿದ್ದರು. "ಗಾಡ್ಯಾಗ ಏನ್ ಮಾಲು ಐತಿ?" ಎಂದು ಪಹರೆಯವನು ಕೇಳಿದ. "ಏನೂ ಇಲ್ಲರೀ," ಎಂದು ಇದೇ ಕಾಕಾ ಕೈಮುಗಿದ. ಸೆರಗು ಮುಚ್ಚಿಕೊಂಡು ಒಳಗೆ ಕೂತಿದ್ದವಳು ಸಣ್ಣಗೆ, ಆದರೆ ಎಲ್ಲರಿಗೂ ಕೇಳುವಂತೆ, "ನಾ ಅದೀನ್ರಿ," ಎಂದಳು. ಪಹರೆಯವನು ಬಿದ್ದು ಬಿದ್ದು ನಕ್ಕು ಗಾಡಿ ಬಿಟ್ಟ. ನೀಲಪ್ಪ ಅವಳಿಂದ ಕೇಳಿದ ಮೊದಲ ಮಾತು ಅದು. ಮನೆಗೆ ಬಂದ ಮೇಲೆ ಆ ದನಿ ಎಲ್ಲಿ ಹೋಯಿತು? ಅವ್ವ ಬೀರವ್ವ ಇದ್ದ ಮನೆಯಲ್ಲಿ ಹಗಲು ಗಂಡಹೆಂಡಿರು ಮಾತಾಡುವುದು ಹಗುರತನ. ಹಸಿವಾದರೆ, "ಅವ್ವಾ, ರೊಟ್ಟಿ ಆಗ್ಯಾವೇನು," ಎಂದು ಅವನು ಅವ್ವನನ್ನು ಕೇಳಬೇಕು. ಒಲೆಯ ಮುಂದೆ ಕೂತವಳು, "ಅತ್ತೀ, ತಾಟು ಮಾಡ್ಲೇನ್ರಿ," ಎಂದು ಅತ್ತೆಗೆ ಹೇಳಬೇಕು. ಕೈಯಳತೆಯಲ್ಲಿ ಕೂತವರ ಮಾತು ಮುದುಕಿಯನ್ನು ಸುತ್ತುಹಾಕಿಕೊಂಡು ಬರಬೇಕು. ರಾತ್ರಿ ಗೋಡೆಯಾಚೆ ಅವ್ವನ ಕೆಮ್ಮು. ಹೀಗಾಗಿ ಅಮೃತವ್ವನ ದನಿ ಅವನಿಗೆ ದಕ್ಕಿದ್ದು ಬಿತ್ತಿಗೆಯ ದಿನಗಳಲ್ಲಿ, ಕೂರಿಗೆಯ ಹಿಂದಿನಿಂದ. ಬೀಜ ಬಿಡುತ್ತ ಅವಳು ಹೇಳುತ್ತಿದ್ದಳು: ಎಮ್ಮೆ ಯಾಕೆ ಒದೆಯಿತು, ತವರಿನ ಓಣಿಯಲ್ಲಿ ಯಾರ ಮದುವೆ ಮುರಿಯಿತು, ಕನಸಿನಲ್ಲಿ ಕೂಸು ಬಂದು ಏನು ಕೇಳಿತು. ಅವನು ತಿರುಗಿ ಉತ್ತರ ಕೊಡುವಂತಿರಲಿಲ್ಲ. ತಿರುಗಿದರೆ ಸಾಲು ಸೊಟ್ಟಾಗುತ್ತದೆ. ಹೂಂ ಅಂದರೆ ಸಾಕಾಗುತ್ತಿತ್ತು. ಅವಳ ಮಾತೆಲ್ಲ ಹೀಗೆ ಅವನ ಬೆನ್ನಿಗೇ ಬಿದ್ದಿದ್ದವು. ಮಾತಾಡುವಾಗ ಅವಳ ಮುಖ ಹೇಗಿರುತ್ತದೆಂದು ಈಗ ನೆನಪಿಸಿಕೊಳ್ಳಲು ನೋಡಿದರೆ ಎತ್ತುಗಳ ಕೋಡು, ಕೋಡಿನ ನಡುವಿನ ಬಯಲು, ಅಷ್ಟೇ ಬಂತು. ಆ ಒಂದು ಜಾಗವಿತ್ತು ಅವರಿಗೆ. ಅಲ್ಲಿಯೇ ಅವನು ಬಾಯಿ ಮುಚ್ಚು ಎಂದಿದ್ದ.

ಲಕ್ಷ್ಮೇಶ್ವರದಲ್ಲಿ ಅಮೃತವ್ವನ ತಮ್ಮ ಹುಲಗಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿದ್ದ. "ಬರ್ರಿ ಮಾವಾ, ಬರ್ರಿ ಕಾಕಾ," ಎಂದ, ಮುಖ ಬಿಗಿದಿತ್ತು. ಕಾಲಿಗೆ ನೀರು ತಂದುಕೊಟ್ಟವಳು ಅವನ ಹೆಂಡತಿ. ನೀಲಪ್ಪ ಚೆಂಬು ಹಿಡಿದು ಕಾಲು ತೊಳೆಯುವ ನೆವದಲ್ಲಿ ಬಾಗಿಲ ಒಳಗೆ ನೋಡಿದ. ಕತ್ತಲೆಯಲ್ಲಿ ಚೌಕಟ್ಟಿನ ಮೇಲೆ ಒಂದು ಕೈ ಮಾತ್ರ ಕಂಡಿತು, ಹಸಿರು ಬಳೆ. ಓಣಿಯ ಹಿರಿಯರಿಬ್ಬರು ಬಂದು ಕೂತರು. ಎದುರು ಮನೆಯ ಖಾತುನಬಿ, ಅಮೃತವ್ವನನ್ನು ತಾಯಿ ಸತ್ತ ಮೇಲೆ ಎತ್ತಿ ಆಡಿಸಿದ ಮುದುಕಿ, ಯಾರೂ ಕರೆಯದೆ ಬಂದು ಕಂಬಕ್ಕೆ ಒರಗಿ ಕೂತಳು. "ಹೆಣ್ಣಮಕ್ಕಳು ಇಲ್ಲ್ಯಾಕಬೇ?" ಎಂದ ಹಿರಿಯನಿಗೆ, "ಹೆಣ್ಣಿನ ಮಾತು ಆಡಾಕ ಕುಂತೀರಲ್ಲಾ, ಅದಕ್ಕ," ಎಂದಳು.

ಕಾಕಾ ಗಂಟಲು ಸರಿಮಾಡಿಕೊಂಡ. ಅವನಿಗೆ ಇಂಥ ಕಡೆ ಮಾತು ಚೆನ್ನಾಗಿ ಬರುತ್ತಿತ್ತು. "ನೋಡ್ರಪಾ, ಹುಡುಗ ಒಂದು ಮಾತು ಅಂದಾನ. ಇಲ್ಲನ್ನಂಗಿಲ್ಲ. ಸಿಟ್ಟಿನ ಭರಕ್ಕ ಬಾಯಿ ತಪ್ಪೇತಿ. ಆದ್ರ ಆಕಿ ಮಾಡಿದ್ದು ಬಾಯಿ ತಪ್ಪಿದ್ದಲ್ಲ. ಕಣ್ಣಿಗೆ ಕಾಣಾಕತ್ತಿತ್ತು, ಅರ್ಧ ದಿನ ಬಾಯಿ ಬಿಗಿದು ನಡದಾಳ. ಮುಂದ ನೋಡ್ಕೋತ ಹೊಂಟಾಂವಗ ಹಿಂದ ಏನ್ ನಡದೈತಂತ ಹೆಂಗ ಗೊತ್ತಾಗಬೇಕು ಹೇಳ್ರಿ? ಆತು, ಆಗಿದ್ದಾತು. ಬಂದು ಅತ್ತಿ ಕಾಲಿಗೆ ಬೀಳಲಿ, ಹೊಲಕ್ಕ ಕಾಯಿ ಒಡದು ತಪ್ಪಾತು ಅನ್ನಲಿ. ಮುಗೀತು. ನಾವೇನು ಬಿಡಾಕ ಬಂದಿಲ್ಲ, ಕರಿಯಾಕ ಬಂದೀವಿ."

ಮುಂದೆ ನೋಡುತ್ತ ಹೊರಟವನು. ಆ ಮಾತಿನೊಳಗೆ ನೀಲಪ್ಪ ಕೂತುಕೊಂಡ. ಬೆಚ್ಚಗಿತ್ತು. ಊರಿನಲ್ಲೂ ಎಲ್ಲರೂ ಹಾಗೇ ಹೇಳುತ್ತಿದ್ದರು, ಪಾಪ ಅವಗೇನು ಗೊತ್ತು ಎಂದು. ಅವನು ಇಲ್ಲವೆನ್ನದೆ ತಲೆ ತಗ್ಗಿಸಿದರೆ ಸಾಕು, ಅವರಿಗೆ ಅದು ಸಭ್ಯತನವಾಗಿ ಕಾಣುತ್ತಿತ್ತು. ಪೈರು ಮೇಲೆದ್ದು ಸಾಲುಗಳು ಎದ್ದು ಕಾಣತೊಡಗಿದ ಮೇಲೆ ಒಂದು ನಸುಕಿನಲ್ಲಿ ಅವನು ಹೊಲಕ್ಕೆ ಹೋದಾಗ ಅವಳು ಮೊದಲೇ ಅಲ್ಲಿದ್ದಳು. ಒಬ್ಬಳೇ ಬಾಗಿ, ಬೆರಳಿನಿಂದ ಕರಿಮಣ್ಣನ್ನು ಕೆದಕಿ, ಬರಿದಾದ ಸಾಲಿನಲ್ಲಿ ಒಂದೊಂದೇ ಕಾಳು ಊರುತ್ತಿದ್ದಳು. ಮೇಲುಹಸಿ ಆಗಲೇ ಆರಿತ್ತು; ಊರಿದರೂ ಏಳುವುದು ಅಷ್ಟಕ್ಕಷ್ಟೇ, ಅದು ಅವಳಿಗೂ ಗೊತ್ತಿತ್ತು. ಹೆಜ್ಜೆಯ ಸಪ್ಪಳಕ್ಕೆ ಸೊಂಟ ಹಿಡಿದು ಎದ್ದು ನಿಂತು ನೋಡಿದಳು. ನಡುವೆ ಆಳೆತ್ತರದ ಮಂಜು. ಅವನು ಬದುವಿನ ಮೇಲೆ ನಿಂತಿದ್ದ. ಇಳಿದು ಹೋಗಿ ಮಗ್ಗುಲ ಸಾಲಿನಲ್ಲಿ ಕೂತು ತಾನೂ ನಾಲ್ಕು ಕಾಳು ಊರಿದ್ದರೆ ಮಾತು ಬೇಕಾಗಿರಲಿಲ್ಲ. ಅವನು ಏನನ್ನೋ ಮರೆತು ಬಂದವನಂತೆ ಸೊಂಟ ಮುಟ್ಟಿ ನೋಡಿಕೊಂಡು ಹಿಂದಿರುಗಿದ್ದ. ಮರುದಿನ ಹುಲಗಪ್ಪನ ಗಾಡಿ ಬಂದು ಬಾಗಿಲಿಗೆ ನಿಂತಿತು, ಅವಳು ಹತ್ತಿ ತವರಿಗೆ ಹೋದಳು.

"ತಪ್ಪು ಆಕಿದೊಬ್ಬಾಕಿದ ಏನ್ರಿ?" ಎಂದ ಹುಲಗಪ್ಪ. "ನಮ್ಮಕ್ಕನ ಮಂದ್ಯಾಗ ಹಂಗ ಅಂದಿದ್ದಕ್ಕ ಯಾರು ಯಾರ ಕಾಲಿಗೆ ಬೀಳಬೇಕು?"

"ಗಂಡ ಅಂದಿದ್ದು ಎಣಸಾಕತ್ರ ಯಾವ ಮನಿ ಉಳದಾವು?" ಕಾಕಾನ ದನಿ ಏರಿತು. ಅವನಿಗೆ ಇಷ್ಟು ಎದುರುತ್ತರ ಬರುತ್ತದೆಂಬ ಅಂದಾಜಿರಲಿಲ್ಲ. ಇವರು ಹೊರಡುವಾಗ ಬೀರವ್ವ ಹೇಳಿಕಳಿಸಿದ್ದ ಮಾತು, ಇದೊಂದು ಅನ್ನಬೇಡ ಕಾಕಾ ಎಂದು ನೀಲಪ್ಪ ದಾರಿಯಲ್ಲಿ ಬೇಡಿಕೊಂಡಿದ್ದ ಮಾತು, ಆ ಏರಿದ ದನಿಯ ಜೊತೆ ಹೊರಗೆ ಬಂತು. "ನಮ್ಮ ವೈನಿ ಅಂದದ್ದು ಖರೇನ ಐತಿ ಬಿಡು. ಭೂಮಿತಾಯಿ ಉಡಿ ಬರಿದು ಮಾಡಿದಾಕಿದು ತನ್ನ ಉಡಿ ಎಲ್ಲಿಂದ ತುಂಬಬೇಕು?"

ಚೌಕಟ್ಟಿನ ಮೇಲಿದ್ದ ಕೈ ಒಳಗೆ ಹೋಯಿತು. ಬಳೆ ಸಪ್ಪಳವಾಗಲಿಲ್ಲ. ಹುಟ್ಟಿ ಹನ್ನೊಂದನೆಯ ದಿನ ಹೋದ ಕೂಸಿನ ಮೊಣಕೈ ಸುಕ್ಕು ನೀಲಪ್ಪನ ಕಣ್ಣೆದುರು ಬಂತು, ಯಾಕೋ ಮೊಣಕೈಯೇ. ಅದರ ಬಗ್ಗೆಯೂ ಅವರಿಬ್ಬರೂ ಎಂದೂ ಮಾತಾಡಿರಲಿಲ್ಲ. ಅವಳ ಕನಸಿನ ಮಾತಿಗೆ ಅವನು ಹೂಂ ಎಂದಿದ್ದ.

"ಏ ಹುಚ್ಚೀರಪ್ಪಾ," ಖಾತುನಬಿ ಮೆಲ್ಲಗೆ ಅಂದಳು, "ಎಂಥಾದ್ದ ಚೆಲ್ಲಿದೆಪ್ಪಾ, ಈಗ ಯಾರು ಬಳೀಬೇಕದನ್ನ? ಸುಮ್ನ ಕುಂಡ್ರು ನೀ. ರುಮಾಲು ಸುತ್ತಿದವ್ರು ಬಾಳ ಮಾತಾಡಿದ್ರಿ. ಅಳಿಯಾ, ನೀ ಹೇಳು. ಬಾಯಿ ಐತಿಲ್ಲೋ ನಿನಗ? ಇಲ್ಲಾ ಅದನ್ನೂ ಕಾಕಾನ ಕಡೆ ಕೊಟ್ಟೀಯೋ?"

ಎಲ್ಲರೂ ಅವನ ಕಡೆ ತಿರುಗಿದರು. ಇಲ್ಲಿ ಮಾತಾಡುವುದೆಂದರೆ ಎದುರಿನವರ ಮುಖ ನೋಡುತ್ತ ಮಾತಾಡುವುದು; ಅದರ ರೂಢಿ ಅವನಿಗಿರಲಿಲ್ಲ. ಕಂಬಳಿಯ ನೂಲು ಕೀಳುತ್ತ, "ಬೀಜ ಉಳದಿತ್ರಿ," ಎಂದ.

"ಏನು?"

"ಆವತ್ತ ಸಂಜಿಗೆ ಬೀಜ ಉಳದಿತ್ತು. ಬಾಳ. ಆಕಿ ಬುಟ್ಟಿಗೆ ಸುರುವೂದು ನಾ ಕೇಳೇನಿ. ಸಾಲು ತಪ್ಪ್ಯಾವಂತ ನನಗ ಆಗ ಗೊತ್ತಾತು. ಮರುದಿನ ಹಸಿ ಇತ್ತು, ಮತ್ತ ಬಿತ್ತಾಕ ಬರತಿತ್ತು. ನಾ ಕೇಳಲಿಲ್ಲ."

ಕಾಕಾ ಬಾಯಿ ತೆರೆದು ನೋಡಿದ. "ಗೊತ್ತಿದ್ದೂ? ಇಷ್ಟ ದಿನ ನನ್ನ ಮುಂದ... ಯಾಕ ಕೇಳಲಿಲ್ಲೋ ಮತ್ತ?"

"ಕೇಳಿದ್ರ ನಾನ ಮೊದಲ ಮಾತಾಡಿಸಿದಂಗ ಆಗ್ತಿತ್ತು, ಕಾಕಾ."

ಹೇಳಿದ ಮೇಲೆ ಅದು ಎಷ್ಟು ಸಣ್ಣದಾಗಿತ್ತೆಂದು ಅವನಿಗೇ ಅಚ್ಚರಿಯಾಯಿತು. ಇಷ್ಟು ದಿನ ಎದೆಯ ಮೇಲೆ ಕೂತಿದ್ದುದು ಕಟ್ಟೆಯ ಮೇಲೆ ಬಿದ್ದಾಗ ಒಂದು ಜೋಳದ ಕಾಳಿನಷ್ಟೂ ಇರಲಿಲ್ಲ. ಹಿರಿಯರಲ್ಲೊಬ್ಬ ನಿಟ್ಟುಸಿರು ಬಿಟ್ಟು ನಕ್ಕ. "ಇಷ್ಟ ಏನಪಾ! ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಇದಕ್ಕ ಯಾಕ ಪಂಚಾಯತಿ? ತಪ್ಪು ಎರಡೂ ಕಡೆ ಸಮ ಆತು." ಹುಲಗಪ್ಪನ ಮುಖದ ಬಿಗಿ ಸಡಿಲಾಯಿತು. ಕಾಲಿಗೆ ಬೀಳುವ ಮಾತನ್ನು ಕಾಕಾನೇ ಕೈಬೀಸಿ ಬಿಟ್ಟುಕೊಟ್ಟ. ಖಾತುನಬಿ ನೀಲಪ್ಪನ ಕಡೆ ತಿರುಗಿ, "ಹಿತ್ತಲದಾಗ ಅದಾಳ. ಹೋಗು. ನಮ್ಮ ಮುಂದ ಅಂದಿದ್ದು ಆಕಿ ಮುಂದ ಅನ್ನು," ಎಂದಳು.

ಹಿತ್ತಿಲಲ್ಲಿ ಶೇಂಗಾದ ರಾಶಿ. ಅಮೃತವ್ವ ಕಾಲು ಚಾಚಿ ಕೂತು ಕಾಯಿ ಒಡೆದು ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ ಹಾಕುತ್ತಿದ್ದಳು. ಎಲ್ಲಿ ಕೂಡಬೇಕೆಂದು ತಿಳಿಯದೆ ಅವನು ರಾಶಿಯ ಈಚೆ ಕುಕ್ಕರಗಾಲಿನಲ್ಲಿ ಕೂತ. ಹಾಗೆ ಕೂತಾಗ ಅವಳು ನೇರ ಎದುರಿಗೆ ಬಂದಳು. ಎಡಗಣ್ಣಿನ ಕೆಳಗೆ ಸಣ್ಣದೊಂದು ಮಚ್ಚೆಯಿತ್ತು. ಹೊಸದೇನಲ್ಲ; ಹುಟ್ಟಿದಾಗಿನಿಂದ ಇದ್ದಿರಬೇಕು. ಅವನೂ ಒಂದು ಕಾಯಿ ತೆಗೆದುಕೊಂಡು ಒಡೆದ.

"ಹೊರಗ ಅಂದದ್ದು ಕೇಳೇನ್ರಿ," ಎಂದಳು.

"ಖರೇನ ಅಂದೀನಿ."

"ಗೊತ್ತೈತ್ರಿ. ನಿಮಗ ಕೇಳಿಸಿತ್ತಂತ ನನಗ ಆವತ್ತ ಗೊತ್ತಿತ್ತು. ನಿಮ್ಮ ಬೆನ್ನು ನೋಡಿಕೋತನ ಇಷ್ಟು ವರ್ಷ ನಡದೀನಿ. ಕೇಳಿಸಿದ್ರ ಹೆಂಗ ಆಗತೈತಿ, ಕೇಳಿಸದಿದ್ರ ಹೆಂಗ ಇರತೈತಿ, ಗೊತ್ತಾಗತೈತಿ." ಒಂದು ಕಾಯಿ ಜೊಳ್ಳು ಬಂತು, ಎಸೆದಳು. "ತಿರುಗತೀರಂತ ನಿಂತಿದ್ದೆ. ಬೈತೀರಂತ ಮಾಡಿದ್ದೆ. ಬೈದಿದ್ರ ನಾನೂ ಒಂದಿಷ್ಟು ಬೈದು, ಅತ್ತು, ಹಗುರ ಆಗ್ತಿದ್ದೆ."

"ಈಗ ಬೈ."

ಅವಳು ನಕ್ಕಂತೆ ಮಾಡಿದಳು. "ಈಗ ಬರಂಗಿಲ್ಲರಿ."

"ನಡಿ ಅಮೃತಾ, ಮನಿಗೆ ಹೋಗೂಣು." ಅವಳನ್ನು ಅವನು ಎದುರಿಗೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು, ಬಾಯಲ್ಲಿ ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. "ಅವ್ವಗ ನಾ ಹೇಳ್ತೀನಿ. ಎಲ್ಲಾರ ಮುಂದ ಮಾತಾಡಸ್ತೀನಿ ನಿನ್ನ. ಯಾರ ಏನ ಅಂದ್ರೂ."

ಅವಳ ಬೆರಳು ನಿಂತವು. "ನೀವು ಅಂದಿದ್ದಕ್ಕ ನಾ ಬಂದಿಲ್ಲರಿ ಇಲ್ಲಿಗೆ. ಅತ್ತಿ ಅಂದಿದ್ದಕ್ಕೂ ಅಲ್ಲ. ಅವೆಲ್ಲಾ ನುಂಗಾಕ ಬರತಿತ್ತು. ಆವತ್ತ ಆ ಬಟ್ಟಲದಾಗ ಒಂದು ತೂತಿನ್ಯಾಗ ಬೀಜ ತುಂಬಿ ನಿಂತಿದ್ದು ಕಾಣತಿತ್ತು. ಈ ಸಾಲು ಮುಗೀಲಿ, ಹೇಳೂಣು ಅನಕೊಂಡೆ. ಮುಂದಿನ ಸಾಲಿಗೆ ಹೇಳೂಣು ಅನಕೊಂಡೆ. ಸಾಲು ಸಾಲಿಗೂ ಒಳಗ ಒಂಥರಾ ತಂಪ ಆಗಾಕತ್ತಿತ್ತು. ಅದಕ್ಕ ಅಂಜಿಕಿ ಬಂತ್ರಿ ನನಗ. ನಿಮ್ಮದಲ್ಲ, ನಂದು. ಬಾಯಿ ಬಿಟ್ಟು ಕುಂತ ಭೂಮಿ ಮುಂದ ಉಡಿತುಂಬ ಬೀಜ ಇಟಗೊಂಡು ಕೊಡದ ನಡದೆ. ಅಷ್ಟು ಸುಮ್ಮನಿರಾಕ ಬರತೈತಿ ನನಗ ಅಂತ ಗೊತ್ತಾದ ಮ್ಯಾಲ ನನಗ ನನ್ನ ಮ್ಯಾಲ ನಂಬಿಗಿ ಉಳದಿಲ್ಲ. ಆ ಮನ್ಯಾಗ ಮತ್ತ ಹೊಕ್ರ ನಾ ಮತ್ತ ಆ ಸುಮ್ಮನಿದ್ದಾಕೀನ ಆಗತೀನಿ. ಇನ್ನೊಮ್ಮೆ ಏನರ ಆದ್ರ, ನೀವು ಜಡ್ಡ ಬಿದ್ದಿರತೀರಿ ಅನ್ನೂಣು, ನೀರು ಕೇಳತೀರಿ, ನಾ ಕೇಳಿಸಿಯೂ ಸುಮ್ಮನ ಇದ್ದುಬಿಟ್ಟೇನು. ಬ್ಯಾಡ್ರಿ. ನಾ ಬರಂಗಿಲ್ಲ."

ಅವನಿಗೆ ಹೇಳಲು ಬಹಳ ಇತ್ತು. ಹಾಗಾಗುವುದಿಲ್ಲ ಎನ್ನಬಹುದಿತ್ತು. ನಾನೂ ಅಂಥವನೇ, ಆ ತಂಪು ನನಗೂ ಗೊತ್ತು, ಗಂಟಿಲ್ಲದ ಹಗ್ಗ ಬಿಚ್ಚುತ್ತ ನಾನೂ ಅದನ್ನೇ ಕುಡಿಯುತ್ತಿದ್ದೆ ಎನ್ನಬಹುದಿತ್ತು. ಅದನ್ನು ಅಂದೇಬಿಟ್ಟ, ತಡವರಿಸುತ್ತ, ಅರ್ಧಂಬರ್ಧ. ಅವಳು ತಲೆಯಾಡಿಸಿ ಕೇಳಿದಳು. ಹೌದು, ಇಬ್ಬರಿಗೂ ಅದು ಇದೆ, ಅದಕ್ಕೇ ಬೇಡ ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಹೊಟ್ಟೆಗೆ ಏನು ಮಾಡುತ್ತಿ ಎಂದು ಕೇಳಿದ. ಈಗ ಶೇಂಗಾ, ಮುಂದೆ ಹತ್ತಿ ಬಿಡಿಸುವುದು, ಖಾತುನಬಿಯ ಮನೆಯ ಹಿಂದೆ ಒಂದು ಖೋಲಿ ಇದೆ ಎಂದಳು. ಅವಳೂ ಕೇಳಿದಳು, ಅತ್ತೆಯ ಮೊಣಕಾಲಿಗೆ ಎಣ್ಣೆ ಯಾರು ತಿಕ್ಕುತ್ತಾರೆ ಎಂದು. ಅವನೇ ತಿಕ್ಕುತ್ತಾನೆ. ಬಿಸಿ ಮಾಡಿ ತಿಕ್ಕಬೇಕು ಎಂದಳು. ಹೆಸರಿನ ಬೀಜ ಬೂದಿ ಕಲಸಿ ಅಟ್ಟದ ಮೇಲಿನ ಕರಿ ಗಡಿಗೆಯಲ್ಲಿ ಇಟ್ಟಿದೆ, ಮೇಲಿನದರಲ್ಲಲ್ಲ, ಕೆಳಗಿನದರಲ್ಲಿ. ಕಂದು ಎತ್ತು ಕೂಸಿನ ಹಾಗೆ, ಸಿಳ್ಳು ಹಾಕದಿದ್ದರೆ ನೀರು ಕುಡಿಯುವುದಿಲ್ಲ.

"ಅದಕ್ಕ ಕುಡಿಯವಲ್ದದು! ನಾ ಬೈಕೋತ ನಿಂದರತೀನಿ ದಿನಾ."

"ಬೈದ್ರ ಎತ್ತು ಕುಡೀತೈತೇನ್ರಿ? ಹಿಂಗ ಹಾಕಬೇಕು." ಅವಳು ತುಟಿ ಕೂಡಿಸಿ ಸಣ್ಣಗೆ ಸಿಳ್ಳು ಹಾಕಿದಳು. ಅವಳಿಗೆ ಸಿಳ್ಳು ಬರುತ್ತದೆಂಬುದು ಅವನಿಗೆ ಗೊತ್ತಿರಲಿಲ್ಲ. ಅವನೂ ಹಾಕಿ ನೋಡಿದ. ಬರೀ ಗಾಳಿ ಹೊರಟಿತು, ತುಟಿಗೆ ಅಂಟಿದ್ದ ಶೇಂಗಾದ ಹೊಟ್ಟು ಹಾರಿತು. ಅಮೃತವ್ವ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಣಿಯುವಂತೆ, ತಡೆದುಕೊಳ್ಳಲಾಗದೆ. ನೀಲಪ್ಪನಿಗೂ ನಗು ಬಂತು. ಇಷ್ಟು ಮಾತು ತಾವು ಒಂದು ಬಿತ್ತಿಗೆಯಲ್ಲಿ ಕೂಡ ಆಡಿರಲಿಲ್ಲ ಎಂದು ನಗುತ್ತಲೇ ಅವನಿಗೆ ಹೊಳೆಯಿತು. ಯಾಕೆ ಈಗ ಇಷ್ಟು ಸಲೀಸಾಗಿ ಬರುತ್ತಿದೆ ಎಂಬುದೂ ಅದರ ಹಿಂದೆಯೇ ಹೊಳೆಯಿತು. ಇನ್ನು ಕೆಡುವುದಕ್ಕೆ ಏನೂ ಇರಲಿಲ್ಲ. ಕಣ್ಣೊರೆಸಿಕೊಂಡು ಅವಳು ಮತ್ತೆ ಒಂದು ಕಾಯಿ ಒಡೆದಳು; ಅವನೂ ಒಡೆದ. ಸಿಪ್ಪೆಯ ಸಪ್ಪಳ ಬಿಟ್ಟರೆ ಹಿತ್ತಿಲು ಸುಮ್ಮನಿತ್ತು. ಇದು ಹಳೆಯ ಮೌನವಲ್ಲ. ಇದರಲ್ಲಿ ಕೂತಿರಬಹುದಿತ್ತು, ಕತ್ತಲಾಗುವವರೆಗೆ, ರಾಶಿ ಮುಗಿಯುವವರೆಗೆ.

ಹಿತ್ತಿಲ ಬಾಗಿಲಲ್ಲಿ ರುಮಾಲು ಕಾಣಿಸಿತು. ಕಾಕಾನ ಮುಖ ಊರ ಹಬ್ಬದಂತೆ ಅರಳಿತ್ತು. ಅವನ ಹಿಂದೆ ಹುಲಗಪ್ಪ, ಖಾತುನಬಿ. "ಕೇಳಿದೆ, ಕೇಳಿದೆ, ನಗಿ ಕಟ್ಟಿ ತನಕಾ ಕೇಳ್ತು! ನಾ ಹೇಳಲಿಲ್ಲೇನು ಹುಲಗಪ್ಪಾ, ಎರಡು ಮಾತು ಆಡಾಕ ಬಿಟ್ರ ಎಲ್ಲಾ ನೆಟ್ಟಗಾಗತೈತಂತ? ನಡಿಯವ್ವಾ ಅಮೃತಾ, ಗಂಟು ಕಟ್ಟು ಜಲ್ದಿ. ಸಂಜೀ ಬಸ್ಸು ನಮ್ಮ ದಾರಿ ಕಾಯಂಗಿಲ್ಲ."

ಅಮೃತವ್ವ ಏಳಲಿಲ್ಲ. ನೀಲಪ್ಪನನ್ನು ನೋಡಿದಳು. ಬೇಡಿಕೊಳ್ಳುವ ನೋಟವಲ್ಲ, ಒಂದು ಕೆಲಸ ಒಪ್ಪಿಸಿದವರು ನೋಡುವ ಹಾಗೆ. ಖಾತುನಬಿ ಇಬ್ಬರ ಮುಖವನ್ನೂ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನೀಲಪ್ಪ ಮೊಣಕಾಲಿಗೆ ಕೈಯೂರಿ ಎದ್ದ. ಧೋತರಕ್ಕೆ ಅಂಟಿದ ಸಿಪ್ಪೆ ಕೊಡವಿಕೊಂಡ.

"ಆಕಿ ಬರಂಗಿಲ್ಲ, ಕಾಕಾ."

"ಅಂದ್ರ? ಇಷ್ಟೊತ್ತನ ನಗಕೋತ ಮಾತಾಡಿದ್ರೆಲ್ಲೋ ಇಬ್ಬರೂ!"

"ಹೌದು, ಮಾತಾಡಿದ್ವಿ," ಎಂದ ನೀಲಪ್ಪ. "ಬರಂಗಿಲ್ಲಂತ ಹೇಳ್ಯಾಳ. ಯಾಕ ಅಂತಾನೂ ಹೇಳ್ಯಾಳ. ಬ್ಯಾರೇ ಯಾರ ಕೈಲೆನೂ ಹೇಳಿಸಿಲ್ಲ. ನನಗ ಹೇಳ್ಯಾಳ."

ನನಗ ಎನ್ನುವಲ್ಲಿ ಅವನ ದನಿ ಒಡೆಯಿತು.